ಮೋಷನ್ ಗ್ರಾಫಿಕ್ಸ್‌ಗೆ ಶೈಲಿ ಆರಿಸುವ ಬಗೆ

ಮೋಷನ್ ಗ್ರಾಫಿಕ್ಸ್ ಎಂದರೆ ಚಿತ್ರ, ಅಕ್ಷರಗಳನ್ನು ಚಲಿಸುವಂತೆ ಮಾಡಿದ ವಿಡಿಯೊ. ಅದು ಎಲ್ಲಿ ಓಡುತ್ತದೆ ಎಂದು ಮೊದಲು ಬರೆದಿಟ್ಟುಕೊಳ್ಳಿ. 1080×1920 ಪಿಕ್ಸೆಲ್‌ನ ಫೋನ್ ಚೌಕಟ್ಟಿನಲ್ಲಿ ತೆಳು ಗೆರೆಯ ಚಿತ್ರಗಳು ಮಸುಕಾಗುತ್ತವೆ. ಅಲ್ಲಿ ದಪ್ಪ ಆಕಾರ, ಮೂರು ನಾಲ್ಕು ಬಣ್ಣ ಸಾಕು.

ಅಂಕಿ-ಅಂಶ, ಆ್ಯಪ್ ಬಳಕೆಯ ವಿವರಣೆಗೆ ಫ್ಲಾಟ್ 2ಡಿ (ಆಳವಿಲ್ಲದ ಚಪ್ಪಟೆ ಚಿತ್ರ) ಸರಿ. ತಿದ್ದುಪಡಿ ಬಂದರೂ ಬೇಗ ಮುಗಿಯುತ್ತದೆ. ಯಂತ್ರದ ಒಳಭಾಗ ತೋರಿಸಬೇಕಾದರೆ 3ಡಿ ಬೇಕು, ಆದರೆ ರೆಂಡರ್‌ಗೆ, ಅಂದರೆ ಕಂಪ್ಯೂಟರ್ ಪ್ರತಿ ಫ್ರೇಮಿನ (ಒಂದು ಬಿಡಿ ಚಿತ್ರದ) ಅಂತಿಮ ರೂಪ ತಯಾರಿಸಲು, ಹಿಡಿಯುವ ಸಮಯದ ಲೆಕ್ಕ ಹಾಕಿಯೇ ಒಪ್ಪಿಕೊಳ್ಳಿ. ಸೆಕೆಂಡಿಗೆ 25 ಫ್ರೇಮ್‌ನಂತೆ 30 ಸೆಕೆಂಡಿಗೆ 750 ಫ್ರೇಮ್. ಒಂದೊಂದಕ್ಕೆ 2 ನಿಮಿಷ ಹಿಡಿದರೆ 25 ಗಂಟೆ. ಕೊನೆಯಲ್ಲಿ ಯಾರಾದರೂ ಬಣ್ಣ ಬದಲಿಸಿ ಎಂದರೆ ಬಹುಪಾಲು ಅಷ್ಟೂ ಮತ್ತೆ. ಕೈಯಲ್ಲಿ ಬಿಡಿಸಿದ ಚಿತ್ರದ ಅನುಭವ ಬೇಕೆ? 24 ಫ್ರೇಮ್ ದರದಲ್ಲಿ ಪ್ರತಿ ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿ, ಸೆಕೆಂಡಿಗೆ 12 ಚಿತ್ರವಾದರೆ ಸಾಕು.

ಆಮೇಲೆ ಎರಡು ಮೂರು ಸ್ಟೈಲ್ ಫ್ರೇಮ್ (ಶೈಲಿ ತೋರಿಸುವ ಮಾದರಿ ಚಿತ್ರ) ಮಾಡಿ. ಶೀರ್ಷಿಕೆಯ ಫ್ರೇಮ್ ಬೇಡ, ಅದು ಯಾವ ಶೈಲಿಯಲ್ಲೂ ಚೆನ್ನಾಗಿಯೇ ಕಾಣುತ್ತದೆ. ಸ್ಕ್ರಿಪ್ಟ್‌ನ ಅತಿ ಕಿಕ್ಕಿರಿದ ದೃಶ್ಯವನ್ನೇ ಎತ್ತಿಕೊಳ್ಳಿ. ಅದನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿ: ಮುಖ್ಯ ವಸ್ತು ಹಿನ್ನೆಲೆಯಲ್ಲಿ ಕರಗಿಹೋದರೆ ಬಣ್ಣಗಳ ಆಯ್ಕೆ ತಪ್ಪಿದೆ.

ಗ್ರೇಡಿಯೆಂಟ್ (ಒಂದು ಬಣ್ಣ ಇನ್ನೊಂದಕ್ಕೆ ನಿಧಾನವಾಗಿ ಬೆರೆಯುವುದು) ಹೆಚ್ಚಿರುವ ಶೈಲಿಯಲ್ಲಿ, ಬಣ್ಣದ ಹಂತಗಳು ಕಡಿಮೆ ಇರುವ 8-ಬಿಟ್ ಔಟ್‌ಪುಟ್ ಪಟ್ಟೆ ಪಟ್ಟೆಯಾಗುತ್ತದೆ. 16-ಬಿಟ್‌ನಲ್ಲಿ ಕೆಲಸ ಮಾಡಿ, ಕೊನೆಗೆ ಸ್ವಲ್ಪ ನಾಯ್ಸ್ (ಸಣ್ಣ ಸಣ್ಣ ಚುಕ್ಕೆಗಳು) ಸೇರಿಸಿ.

ಅಕ್ಷರಗಳು ಒಂದೊಂದಾಗಿ ಹಾರಿಬರುವ ಶೈಲಿ ಕನ್ನಡಕ್ಕೆ ಬಂದಾಗ ಜೋಪಾನ. ‘ಸ್ತ್ರೀ’ ಎಂಬುದು ಒಡೆದು ಒತ್ತಕ್ಷರಗಳು ಬೇರೆಯಾಗಿ ತೇಲುತ್ತವೆ. ಬಿಗಿಯಾದ ಮಾಸ್ಕ್ (ಕಾಣುವ ಭಾಗದ ಗಡಿ) ಕೆಳಗಿನ ಒತ್ತನ್ನು ಕತ್ತರಿಸುತ್ತದೆ. ಪಠ್ಯವನ್ನು ಶೇಪ್ (ಚಿತ್ರದಂಥ ಆಕಾರ) ಆಗಿ ಬದಲಿಸಿಕೊಂಡು, ಇಡೀ ಅಕ್ಷರವನ್ನು ಒಂದು ಗುಂಪಾಗಿ ಚಲಿಸಿ.