ಏರ್ ರೈಫಲ್‌ಗೆ ಯಾವ ಪೆಲೆಟ್? ಬ್ಯಾರೆಲ್ ಹೇಳಲಿ ಬಿಡಿ

ಪುಣೆಯಲ್ಲಿ ಮಗಳನ್ನು ಬಾಲೇವಾಡಿ ಕಡೆ ಶೂಟಿಂಗ್ ಕಲಿಯೋಕೆ ಸೇರಿಸಿದ ಹೊಸದರಲ್ಲಿ ನಾನೊಂದು ದಡ್ಡ ಕೆಲಸ ಮಾಡಿದೆ. ಅಂಗಡಿಯವನು ಇದೇ ದುಬಾರಿ ಮಾಲು, ಇದೇ ಒಳ್ಳೇದು ಅಂದ. ಒಂದೇ ಸಲಕ್ಕೆ ಆರು ಡಬ್ಬಿ ತಂದೆ. ಡಬ್ಬಿಗೆ 500ರಂತೆ ಮೂರು ಸಾವಿರ ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಸೀಸದ ಗುಂಡು), ಅವಳ ರೈಫಲ್‌ಗೆ ಹೊಂದಲೇ ಇಲ್ಲ.

ಮಲೆನಾಡಲ್ಲಿ ನಮ್ಮಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ಮಸಿ (ಕೋವಿಯ ಮದ್ದು) ಎಷ್ಟು, ಚರೆ ಎಷ್ಟು ಅನ್ನೋದು ಒಂದೊಂದು ಕೋವಿಗೂ ಬೇರೆ ಅಂತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಕಥೆ ಮುಗೀತು, ಆದರೆ ಆ ಮಾತು 10 ಮೀಟರ್ ರೇಂಜಲ್ಲೂ ನಿಜ.

ಮೊದಲು ಆಕಾರ. ಕಾಗದದ ಗುರಿಗೆ ಚಪ್ಪಟೆ ತಲೆಯದೇ ಬೇಕು. ಅದು ಪಂಚಿಂಗ್ ಮಷೀನಿನ ಹಾಗೆ ದುಂಡಗೆ ತೂತು ಹಾಕುತ್ತೆ, ಚೂಪು ತಲೆಯದು ಕಾಗದ ಹರಿಯುತ್ತೆ, ಆಮೇಲೆ ಅಂಕ ಎಣಿಸೋಕೆ ಜಗಳ. ತೂಕ ರೈಫಲ್‌ಗೆ ಸಾಮಾನ್ಯವಾಗಿ 0.53 ಗ್ರಾಂ, ಪಿಸ್ತೂಲಿಗೆ ಸ್ವಲ್ಪ ಹಗುರ.

ನಿಜವಾದ ಆಟ ಇರೋದು ಪೆಲೆಟ್ ತಲೆಯ ಅಡ್ಡಳತೆಯಲ್ಲಿ. ಎಲ್ಲವೂ 4.5 ಮಿ.ಮೀ. ಅಂತಾನೇ ಮಾರ್ತಾರೆ, ಡಬ್ಬಿ ತಿರುಗಿಸಿ ನೋಡಿದರೆ 4.49, 4.50, 4.51 ಅಂತ ಬರೆದಿರುತ್ತೆ. ಕೂದಲೆಳೆಗಿಂತ ಕಮ್ಮಿ ವ್ಯತ್ಯಾಸ, ಅಲ್ವಾ? ಆದರೆ ರೈಫಲ್ ಗುರಿಯ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ., ಅಲ್ಲಿ ಇದೇ ಜಾಸ್ತಿ.

ಹಾಗಾಗಿ ಪ್ರತಿ ಅಳತೆಯದೂ ಒಂದೊಂದೇ ಡಬ್ಬಿ ತನ್ನಿ, ಇಲ್ಲಾ ರೇಂಜಲ್ಲಿ ಯಾರ ಹತ್ತಿರವಾದರೂ ಮೂವತ್ತು ಮೂವತ್ತು ಕಡ ಕೇಳಿ, ಕೊಡ್ತಾರೆ. ನಿಂತು ಹೊಡೆದು ಪರೀಕ್ಷೆ ಮಾಡಬೇಡಿ. ಆಗ ನೀವು ನೋಡೋದು ಪೆಲೆಟ್ಟನ್ನಲ್ಲ, ನಿಮ್ಮ ಕೈ ನಡುಕವನ್ನ. ರೈಫಲ್ಲನ್ನು ಮರಳು ಚೀಲದ ಮೇಲೆ ಗಟ್ಟಿಯಾಗಿ ಕೂರಿಸಿ. ಪೆಲೆಟ್ ಬದಲಾಯಿಸಿದಾಗೆಲ್ಲ ಮೊದಲ ಏಳೆಂಟು ಸುಮ್ನೆ ಹೊಡೆದು ಬಿಡಿ, ಆಮೇಲೆ ಒಂದು ಕಾರ್ಡಿಗೆ ಐದರಂತೆ ಮೂರು ಕಾರ್ಡು. ಕಾರ್ಡಿನ ಹಿಂದೆ ಅಳತೆ ಬರೆದಿಡಿ, ಮರೆತೇ ಹೋಗುತ್ತೆ. ಐದೂ ಸೇರಿ ಆದ ತೂತನ್ನು ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. 6 ಮಿ.ಮೀ. ಒಳಗೆ ಬಂದರೆ ಮತ್ತೆ ಹುಡುಕಬೇಡಿ. ನಮ್ಮ ರೈಫಲ್ 4.50ರಲ್ಲಿ ತೂತನ್ನು ಉದ್ದುದ್ದ ಹರಡಿತು, 4.49ರಲ್ಲಿ ಒಂದೇ ದುಂಡು ತೂತು.

ಸಿಕ್ಕ ಮೇಲೆ ಅದೇ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ನೋಡಿ ವರ್ಷಕ್ಕಾಗುವಷ್ಟು ತನ್ನಿ. ಲಾಟ್ ಬದಲಾದರೆ ಅದೇ ಹೆಸರಿನ ಡಬ್ಬಿಯೂ ಬೇರೆ ಥರ ಹೋಗಬಹುದು. ಹೊಡೆಯೋ ಮುಂಚೆ ಹಿಂಬದಿಯ ಅಂಚು ನೋಡಿ. ತೆಳು ಸೀಸ, ಡಬ್ಬಿ ಬಿದ್ದರೆ ನೆಗ್ಗುತ್ತೆ. ಪುಣೆಯ ಮಳೆಗಾಲದಲ್ಲಿ ಮೇಲೆ ಬೂದಿಯಂಥ ಬಿಳಿ ಪುಡಿ ಕೂತರೆ ಅವನ್ನು ಬಿಡಿ. ಸೀಸ ಮುಟ್ಟಿದ ಕೈ ತೊಳೆಯದೆ ವಡಾಪಾವ್‌ಗೆ ಕೈ ಹಾಕಬೇಡಿ, ಮಕ್ಕಳಿಗಂತೂ ದಿನಾ ಹೇಳಿ.

ನನ್ನ ಆರು ಡಬ್ಬಿಯೇ? ರೇಂಜಲ್ಲಿ ಇನ್ನೊಬ್ಬ ಹುಡುಗನ ರೈಫಲ್‌ಗೆ ಚೆನ್ನಾಗಿ ಹೊಂದಿತು, ಅರ್ಧ ಬೆಲೆಗೆ ಕೊಟ್ಟೆ.