ಬಿದ್ದ ವಸ್ತುವನ್ನು ಎತ್ತಿ ಕೈಗೆ ಕೊಡಲು ಸಹಾಯಕ ನಾಯಿಗೆ ಕಲಿಸುವುದು

ಕೈಯಿಂದ ಫೋನ್ ಜಾರಿತು. ಬಿದ್ದಿರೋದು ಕಾಲ ಹತ್ತಿರವೇ. ಆದರೆ ಬಗ್ಗಲು ಆಗದವರಿಗೆ, ವೀಲ್‌ಚೇರಿನಲ್ಲಿ ಕೂತವರಿಗೆ ಅದು ಸಿಗುವುದಿಲ್ಲ, ಯಾರಾದರೂ ಬರುವ ತನಕ ಸುಮ್ನೆ ಕಾಯಬೇಕು. ಬಾಗಿಲು ಎಳೆಯುವುದು, ಕಾಲುಚೀಲ ಬಿಚ್ಚುವುದು ಹೀಗೆ ಇಂಥವರಿಗೆ ನೆರವಾಗುವ ಸಹಾಯಕ ನಾಯಿ ಕಲಿಯುವ ಕೆಲಸಗಳು ತುಂಬಾ ಇವೆ. ನಾನು ಮೊದಲು ಕಲಿಸಿ ಅನ್ನುವುದು ಬಿದ್ದದ್ದನ್ನು ಎತ್ತಿ ಕೊಡುವುದನ್ನೇ, ಯಾಕೆಂದರೆ ಬಾಯಲ್ಲಿ ಹಿಡಿಯುವುದು ಬಂದರೆ ಉಳಿದವು ಸುಲಭ.

ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ತಳಿಗಳನ್ನು ಬೆಳೆಸಿದ್ದೇ ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹಾಳು ಮಾಡದೆ ಕಚ್ಚಿ ತರಲಿ ಎಂದು. ಹಾಗಾಗಿ ಎತ್ತುವುದು ಅವಕ್ಕೆ ದೊಡ್ಡ ಮಾತಲ್ಲ. ಕಷ್ಟ ಇರುವುದು ಕೊಡುವುದರಲ್ಲಿ. ಚಪ್ಪಲಿ ಕಚ್ಚಿಕೊಂಡು ಓಡುವ ನಾಯಿಯನ್ನು ನೋಡಿದ್ದೀರಿ ಅಲ್ವಾ? ಅದಕ್ಕೇ ಪಾಠವನ್ನು ಹಿಂದಿನಿಂದ ಶುರು ಮಾಡಿ: ಮೊದಲು ಹಿಡಿದು ಕೈಗೆ ಬಿಡುವುದು, ಆಮೇಲೆ ತರುವುದು, ನೆಲದಿಂದ ಎತ್ತುವುದು ಎಲ್ಲಕ್ಕಿಂತ ಕೊನೆಗೆ.

ಒಂದು ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿ. ನಾಯಿಗೆ ಇಷ್ಟವಾದ ತಿನಿಸನ್ನು ಬಟಾಣಿಯಷ್ಟು ಚಿಕ್ಕದಾಗಿ ಮಾಡಿಕೊಳ್ಳಿ. ಬಟ್ಟೆಯನ್ನು ಮೂಗಿನ ಮುಂದೆ ಹಿಡಿಯಿರಿ. ಮೂಸಿದ ಕ್ಷಣವೇ 'ಸರಿ' ಎಂದು ಹೇಳಿ ತಿನಿಸು ಕೊಡಿ. ಮುಂದಿನ ಸಲ ಬಾಯಿ ತೆರೆದರೆ ಮಾತ್ರ, ಅದಾದ ಮೇಲೆ ಕಚ್ಚಿದರೆ ಮಾತ್ರ, ಆಮೇಲೆ ಒಂದು ಸೆಕೆಂಡ್ ಹಿಡಿದಿದ್ದರೆ ಮಾತ್ರ, ಹೀಗೆ ಸ್ವಲ್ಪ ಸ್ವಲ್ಪವೇ ಮುಂದೆ ಹೋಗಿ. ಬಾಯಿಂದ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಅದು ಆಟವಾಗುತ್ತದೆ, ನಾಯಿ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಕೈಯನ್ನು ಅದರ ಬಾಯಿಯ ಕೆಳಗೆ ಒಡ್ಡಿ ಕಾಯಿರಿ. ಕೈ ಎತ್ತಲು ಆಗದಿದ್ದರೆ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಅದರೊಳಗೆ ಬಿದ್ದಾಗ ತಿನಿಸು ಕೊಡಿ.

ಒಂದು ಸಲಕ್ಕೆ 3ರಿಂದ 5 ನಿಮಿಷ ಸಾಕು. ನಾಯಿ ತುಟಿ ನೆಕ್ಕುತ್ತಾ, ಆಕಳಿಸುತ್ತಾ, ಮುಖ ತಿರುಗಿಸುತ್ತಾ ಇದ್ದರೆ ಅದಕ್ಕೆ ಒತ್ತಡವಾಗುತ್ತಿದೆ ಎಂದು ತಿಳಿಯಿರಿ. ಬೈಯಬೇಡಿ. ಸುಲಭವಾದದ್ದೊಂದನ್ನು ಮಾಡಿಸಿ ನಿಲ್ಲಿಸಿಬಿಡಿ.

ವೀಲ್‌ಚೇರನ್ನು ಇದರ ಜೊತೆಗೇ ಪರಿಚಯ ಮಾಡಿಸಿ. ಮೊದಲು ಬ್ರೇಕ್ ಹಾಕಿ ನಿಲ್ಲಿಸಿ, ಮೂಸಲು ಬಿಡಿ. ಪಂಜ, ಬಾಲ ಒಂದು ಸಲ ಗಾಲಿಗೆ ಸಿಕ್ಕಿದರೂ ಆ ಹೆದರಿಕೆ ಸುಲಭಕ್ಕೆ ಹೋಗುವುದಿಲ್ಲ.

ಬಟ್ಟೆ ನೆಲದಿಂದ ಕೈಗೆ ಬರುವಂತಾದ ಮೇಲೆ ನಿಜವಾದ ಸಾಮಾನಿಗೆ ಹೋಗಿ. ಲೋಹ ಕಚ್ಚುವುದು ಎಷ್ಟೋ ನಾಯಿಗಳಿಗೆ ಇಷ್ಟವಿಲ್ಲ, ಕೀಲಿಗೊಂಚಲಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿಬಿಡಿ. ಫೋನಿನ ಕವರಿಗೂ ಹಾಗೇ. ನಾಣ್ಯ ಬೇಡವೇ ಬೇಡ, ನುಂಗಿಬಿಟ್ಟರೆ ಅಪಾಯ.

ಏನಾದರೂ ಬಿದ್ದ ಶಬ್ದ ಕೇಳಿದ ಕೂಡಲೇ ನಾಯಿ ತಾನಾಗಿ ಓಡಿ ಬಂದು ಎತ್ತುವಂತೆ ಕಲಿಸಬೇಕು ಎಂದು ಕೆಲವರಿಗೆ ಆಸೆ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಬಿದ್ದದ್ದು ಗಾಜಿನ ಲೋಟವಾಗಿದ್ದರೆ? ಮಾತ್ರೆಯಾಗಿದ್ದರೆ? ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗಳಿಗೆ ವಿಷ. ಆದ್ದರಿಂದ 'ಎತ್ತು' ಎಂದು ಹೇಳಿದ ಮೇಲಷ್ಟೇ ಎತ್ತಬೇಕು, 'ಬಿಡು' ಎಂದರೆ ಹಿಂದೆ ಸರಿಯಬೇಕು. 'ಬಿಡು' ಅಭ್ಯಾಸಕ್ಕೆ ನಿಜವಾದ ಮಾತ್ರೆ ಬಳಸಬೇಡಿ, ಒಣ ತಿನಿಸನ್ನು ಬೀಳಿಸಿ, ನಾಯಿ ಹಿಂದೆ ಸರಿದರೆ ಕೈಯಿಂದ ಅದಕ್ಕಿಂತ ಒಳ್ಳೆಯದನ್ನು ಕೊಡಿ.

ಮನೆಯವರಿಗೂ ಒಂದು ಮಾತು ಹೇಳಿಡಿ. ಏನಾದರೂ ಬಿದ್ದ ತಕ್ಷಣ ಪ್ರೀತಿಯಿಂದ ಅವರೇ ಬಗ್ಗಿ ಎತ್ತಿಕೊಟ್ಟರೆ ನಾಯಿಗೆ ಕಲಿಯಲು ಅವಕಾಶವೇ ಇರುವುದಿಲ್ಲ. 'ಎತ್ತು' ಎಂದು ಹೇಳುವುದು, ತಿನಿಸು ಕೊಡುವುದು ಎರಡನ್ನೂ ವೀಲ್‌ಚೇರಿನಲ್ಲಿ ಕೂತವರೇ ಮಾಡಲಿ.