ಅಡಿಕೆ ಮರಕ್ಕೆ ಬಿಸಿಲು ಬಡಿದಾಗ

ನಮ್ಮ ತೋಟ ಬದಿಯಡ್ಕದ ಹತ್ತಿರ. ಎರಡು ವರ್ಷದ ಹಿಂದೆ ಪಡುಬದಿಯ ದೊಡ್ಡ ಹಲಸಿನ ಮರ ಗಾಳಿಗೆ ಬಿತ್ತು. ಮುಂದಿನ ಬೇಸಗೆಯಲ್ಲಿ ಆ ಕಡೆಯ ಅಡಿಕೆ ಮರಗಳ ಕಾಂಡದಲ್ಲಿ ಹೊನ್ನಿನ ಬಣ್ಣದ ಮಚ್ಚೆ ಕಂಡಿತು. ಆಮೇಲೆ ಕಂದಾಯಿತು, ಉದ್ದಕ್ಕೆ ಸೀಳು ಬಿಟ್ಟಿತು. ರೋಗ ಅಂದುಕೊಂಡು ನೀರು ಜಾಸ್ತಿ ಬಿಟ್ಟೆ. ಏನೂ ಪ್ರಯೋಜನ ಆಗಲಿಲ್ಲ.

ಒಂದು ದಿನ ಮೂರು ಗಂಟೆ ಹೊತ್ತಿಗೆ ತೋಟದಲ್ಲಿ ನಿಂತಿದ್ದೆ. ಬಿಸಿಲು ನೇರ ಆ ಮಚ್ಚೆಗಳ ಮೇಲೆಯೇ ಬೀಳುತ್ತಿತ್ತು. ಅಲ್ಲಿ ಕೈ ಇಟ್ಟರೆ ಸುಡುತ್ತಿತ್ತು, ಹಿಂಬದಿ ಮುಟ್ಟಿದರೆ ತಂಪು, ಹಸಿರು. ಎಲ್ಲ ಮರದಲ್ಲೂ ಮಚ್ಚೆ ನೈಋತ್ಯಕ್ಕೇ ಇತ್ತು! ನೆರೆಮನೆಯ ಮಾವ ಬಂದು ನೋಡಿ, "ಇದು ಬಿಸಿಲು ಬಡಿದದ್ದು ಮಾರಾಯಾ, ಸುಣ್ಣ ಬಳಿ" ಎಂದರು.

ದೊಡ್ಡ ಮರಗಳ ಕಾಂಡಕ್ಕೆ ಸುಣ್ಣ ಬಳಿದೆ. ಎಳೆ ಮರಗಳಿಗೆ ಸೋಗೆ ಸುತ್ತಿ ಕಟ್ಟಿದೆ. ಪಡುಬದಿಗೆ ಬೇಗ ನೆರಳಾಗಲಿ ಅಂತ ಬಾಳೆ ನೆಟ್ಟೆ. ಹಳೆಯ ಸೀಳು ಕೂಡಲಿಲ್ಲ, ಅಂಥ ಎರಡು ಮರ ಗಾಳಿಗೆ ಮುರಿದೇ ಹೋದವು. ಅದು ಈಗಲೂ ಬೇಜಾರು. ಆದರೆ ಹೊಸ ಮಚ್ಚೆ ಒಂದೂ ಬಂದಿಲ್ಲ.

ಈ ವರ್ಷ ಹೊಸ ಸಸಿಗಳನ್ನು 2.7 ಮೀಟರ್ ಅಂತರದಲ್ಲಿ ನೆಟ್ಟೆ. ಸಾಲನ್ನು ಉತ್ತರ-ದಕ್ಷಿಣ ಗೆರೆಯಿಂದ 35 ಡಿಗ್ರಿ ಪಡುವಣಕ್ಕೆ ವಾಲಿಸಿದ್ದೇನೆ. ಹಾಗಾದರೆ ಒಂದರ ನೆರಳು ಇನ್ನೊಂದಕ್ಕೆ ಸಿಗುತ್ತದೆ. ಸುಣ್ಣವನ್ನು ಮಾತ್ರ ದೀಪಾವಳಿ ಕಳೆದು ಮಳೆ ನಿಂತ ಕೂಡಲೇ ಬಳಿಯುತ್ತೇನೆ.